ದೋಣಿಗೆ ಶಕ್ತಿ ಸಾಲದಾದಾಗ ಎಂಜಿನ್ ಬಿಚ್ಚುವ ಮೊದಲು

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು ಕರಾವಳಿಯ ಬಂದರುಗಳಲ್ಲಿ ಮತ್ತೆ ಸದ್ದು ಕೇಳತೊಡಗುವ ಹೊತ್ತಿಗೆ, ಮಳೆಗಾಲವಿಡೀ ಶೆಡ್ಡಿನಲ್ಲಿ ಮಲಗಿದ್ದ ಹಳೆಯ ಮೋಟಾರು ದೋಣಿಗಳು ಕೈಬದಲಾಗುವುದೂ ಆರಂಭವಾಗುತ್ತದೆ. ಕೊಂಡವರು ಹದಿನೈದು ದಿನಗಳಲ್ಲಿ ನನ್ನಲ್ಲಿಗೆ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ, ಸದ್ದೂ ಚೆನ್ನಾಗಿದೆ, ಆದರೆ ಪಿಕಪ್ ಇಲ್ಲ.’

ಅಂಥವರಲ್ಲಿ ಒಬ್ಬರು ಹೊನ್ನಾವರದ ಬಳಿ ಶರಾವತಿಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲೆಂದು 16 ಅಡಿಯ ಫೈಬರ್ ದೋಣಿಯನ್ನು 40 ಅಶ್ವಶಕ್ತಿಯ, ಎರಡು ಸಿಲಿಂಡರಿನ, ಟೂ-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್) ಸಮೇತ ಕೊಂಡಿದ್ದರು. ಐದು ಜನ ಕುಳಿತರೆ ದೋಣಿ ಮೂತಿ ಮೇಲೆತ್ತಿಕೊಂಡು ನೀರನ್ನು ತಳ್ಳುತ್ತಲೇ ಸಾಗುತ್ತಿತ್ತೇ ಹೊರತು, ಮೂತಿ ಇಳಿಸಿ ನೀರಿನ ಮೇಲೆ ಜಾರುವ ಪ್ಲೇನಿಂಗ್ ಸ್ಥಿತಿಗೆ ಬರುತ್ತಿರಲಿಲ್ಲ. ನನ್ನಲ್ಲಿಗೆ ಬರುವ ಮೊದಲೇ ಅವರು ಪ್ಲಗ್, ಇಗ್ನಿಷನ್ ಕಾಯಿಲ್, ಕಾರ್ಬ್ಯುರೇಟರ್ ಕಿಟ್ ಎಲ್ಲವನ್ನೂ ಬದಲಿಸಿದ್ದರು. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಎಷ್ಟು ಆರ್‌ಪಿಎಂ (ನಿಮಿಷಕ್ಕೆ ಸುತ್ತು) ತೋರಿಸುತ್ತದೆ ಎಂಬ ನನ್ನ ಪ್ರಶ್ನೆಗೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ.

ಆ ಒಂದು ಅಂಕಿ ಇಲ್ಲದೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದು ಜ್ವರ ನೋಡದೆ ಔಷಧಿ ಕೊಟ್ಟಂತೆ. ಪ್ರತಿ ಎಂಜಿನ್ನಿಗೂ ಪೂರ್ತಿ ಥ್ರಾಟಲ್‌ನಲ್ಲಿ ತಲುಪಬೇಕಾದ ವೇಗದ ವ್ಯಾಪ್ತಿಯನ್ನು ತಯಾರಕರು ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಈ ಎಂಜಿನ್ನಿಗೆ ಅದು 4,500ರಿಂದ 5,500. ವಾಡಿಕೆಯ ಹೊರೆಯೊಂದಿಗೆ, ನಿಂತ ನೀರಿನಲ್ಲಿ, ಟ್ರಿಮ್ (ಎಂಜಿನ್ ವಾಲುವ ಕೋನ) ಸರಿಮಾಡಿಕೊಂಡು ಓಡಿಸಿ ಆರ್‌ಪಿಎಂ ಮತ್ತು ಜಿಪಿಎಸ್ ವೇಗ ಎರಡನ್ನೂ ಬರೆದುಕೊಳ್ಳಬೇಕು. ದಡದಲ್ಲಿ ಪೈಪಿನ ನೀರು ಕೊಟ್ಟು ಓಡಿಸಿದರೆ ಹೊರೆಯೇ ಇಲ್ಲದ್ದರಿಂದ ಈ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ರೇಸ್ ಮಾಡಿದರೆ ಎಂಜಿನ್ ಹಾಳಾಗುತ್ತದೆ. ದೋಣಿಯ ಆರ್‌ಪಿಎಂ ಮೀಟರನ್ನೂ ಕಣ್ಣುಮುಚ್ಚಿ ನಂಬಬಾರದು: ಅದರ ಬೆನ್ನಿನಲ್ಲಿರುವ, ಎಂಜಿನ್ನಿಗೆ ತಕ್ಕಂತೆ ಹೊಂದಿಸುವ ಪೋಲ್ ಆಯ್ಕೆಯ ಗುಂಡಿ ತಪ್ಪು ಸ್ಥಾನದಲ್ಲಿದ್ದರೆ ಅಂಕಿ ಪೂರ್ತಿ ಸುಳ್ಳಾಗುತ್ತದೆ.

ಆರ್‌ಪಿಎಂ ವ್ಯಾಪ್ತಿಯೊಳಗಿದ್ದೂ, ಅಥವಾ ಅದನ್ನು ಮೀರಿಯೂ, ದೋಣಿ ನಿಧಾನವಾಗಿದ್ದರೆ ಎಂಜಿನ್ ತನ್ನ ಕೆಲಸ ಮಾಡುತ್ತಿದೆ, ಶಕ್ತಿ ನೀರಿಗೆ ಸರಿಯಾಗಿ ದಾಟುತ್ತಿಲ್ಲ ಎಂದರ್ಥ. ಇದನ್ನು ಲೆಕ್ಕದಿಂದಲೇ ಕಾಣಬಹುದು. ಎಂಜಿನ್ 5,000 ಸುತ್ತು ತಿರುಗುತ್ತಿದ್ದು ಗೇರ್ ಅನುಪಾತ 2:1 ಇದ್ದರೆ ಪ್ರೊಪೆಲ್ಲರ್ ನಿಮಿಷಕ್ಕೆ 2,500 ಸುತ್ತು ತಿರುಗುತ್ತದೆ. ಅದರ ಪಿಚ್ (ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ) 13 ಇಂಚು, ಅಂದರೆ ಸುಮಾರು 33 ಸೆಂಟಿಮೀಟರ್ ಆದರೆ ನಿಮಿಷಕ್ಕೆ 825 ಮೀಟರ್, ಗಂಟೆಗೆ ಸುಮಾರು 49 ಕಿಲೋಮೀಟರ್ ಸಾಗಬೇಕು. ನೀರು ಗಟ್ಟಿ ವಸ್ತುವಲ್ಲದ ಕಾರಣ ಪ್ಲೇನಿಂಗ್ ದೋಣಿಗಳಲ್ಲಿ ಶೇ 10ರಿಂದ 20ರಷ್ಟು ಜಾರುವಿಕೆ ಸಹಜ. ಆದರೆ ಜಿಪಿಎಸ್ ಗಂಟೆಗೆ 30 ಕಿಲೋಮೀಟರ್ ಅಷ್ಟೇ ತೋರಿಸಿದರೆ ಎಲೆಗಳ ಅಂಚು ಬಾಗಿದೆಯೇ, ಎಂಜಿನ್ ತೀರ ಎತ್ತರದಲ್ಲಿ ಕುಳಿತು ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತಿದೆಯೇ, ಪ್ರೊಪೆಲ್ಲರ್ ಒಳಗಿನ ರಬ್ಬರ್ ಹಬ್ ಜಾರುತ್ತಿದೆಯೇ ಎಂದು ನೋಡಬೇಕು. ಒಳಗಿನ ಕೊಳವೆಗೂ ಹೊರಗಿನ ಭಾಗಕ್ಕೂ ಸೇರಿಸಿ ಬಣ್ಣದಿಂದ ಒಂದು ಗೆರೆ ಎಳೆದು, ಓಡಿಸಿ ಬಂದ ಮೇಲೆ ಗೆರೆ ತುಂಡಾಗಿ ಎರಡು ಕಡೆ ಕಂಡರೆ ಹಬ್ ಹೋಗಿದೆ.

ಆರ್‌ಪಿಎಂ ವ್ಯಾಪ್ತಿಯನ್ನು ಮುಟ್ಟುವುದೇ ಇಲ್ಲವಾದರೆ ಒಂದೋ ಎಂಜಿನ್ ಸೊರಗಿದೆ, ಇಲ್ಲವೇ ಅದರ ಮೇಲೆ ಹೊರೆ ಹೆಚ್ಚಾಗಿದೆ. ಎರಡರ ಲಕ್ಷಣವೂ ಒಂದೇ ಆದ್ದರಿಂದ ನಮ್ಮ ಮೆಕ್ಯಾನಿಕ್‌ಗಳು ಎಡವುವುದು ಇಲ್ಲಿಯೇ. ನಾನು ಕಂಪ್ರೆಷನ್‌ನಿಂದ, ಅಂದರೆ ಸಿಲಿಂಡರಿನೊಳಗಿನ ಒತ್ತಡದಿಂದ ಆರಂಭಿಸುತ್ತೇನೆ: ಎಂಜಿನ್ ಬಿಸಿಯಿರುವಾಗ ಎಲ್ಲ ಪ್ಲಗ್ ತೆಗೆದು, ಪ್ಲಗ್ ವೈರ್‌ಗಳನ್ನು ಅರ್ಥ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಅಳೆಯುತ್ತೇನೆ. ಗೇಜಿನಿಂದ ಗೇಜಿಗೆ ಅಂಕಿ ಬದಲಾಗುವುದರಿಂದ, ಒಂದು ಸಿಲಿಂಡರಿನ ಒತ್ತಡ ಎಷ್ಟು ಎಂಬುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸವೇ ನನಗೆ ಮುಖ್ಯ. ಅದು ಶೇ 10–15 ದಾಟಿದರೆ ರಿಂಗ್, ಸಿಲಿಂಡರ್ ಗೋಡೆ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿ ದೋಷವಿದೆ. ದೋಣಿ ಕೊಳ್ಳುವ ಮೊದಲು ಮಾಡಿಸಬೇಕಾದ ಪರೀಕ್ಷೆಯೂ ಇದೇ. ನೀವು ಹೋಗುವಷ್ಟರಲ್ಲಿ ಮಾರುವವರು ಎಂಜಿನ್ ಬಿಸಿ ಮಾಡಿಟ್ಟಿದ್ದರೆ, ತಣ್ಣಗಿರುವಾಗ ಅದು ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದನ್ನು ನೋಡಲು ಇನ್ನೊಂದು ದಿನ ಹೋಗಿ.

ಇಂಧನದ ದೋಷಗಳೇ ಸಂಖ್ಯೆಯಲ್ಲಿ ಹೆಚ್ಚು. ಪೂರ್ತಿ ವೇಗದಲ್ಲಿ ಓಡುತ್ತಿರುವಾಗ ಜೊತೆಯವರೊಬ್ಬರು ಪ್ರೈಮರ್ ಬಲ್ಬನ್ನು (ಟ್ಯಾಂಕಿನಿಂದ ಪೆಟ್ರೋಲನ್ನು ಕೈಯಿಂದ ತಳ್ಳುವ, ಹೋಸ್‌ನಲ್ಲಿರುವ ರಬ್ಬರ್ ಉಂಡೆ) ಒತ್ತುತ್ತಾ ಬರಲಿ. ಒತ್ತಿದಾಗ ಎಂಜಿನ್ ಚೇತರಿಸಿಕೊಂಡರೆ ಇಂಧನ ಪಂಪ್ ಸೋತಿದೆ; ಬಲ್ಬ್ ತಾನಾಗಿಯೇ ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆ ಎಲ್ಲೋ ಕಟ್ಟಿಕೊಂಡಿದೆ, ಹಲವು ಸಲ ಅದು ಮುಚ್ಚಳದ ಗಾಳಿಕಂಡಿ ತೆರೆಯಲು ಮರೆತದ್ದಷ್ಟೇ ಆಗಿರುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಹಳೆಯ ಹೋಸ್‌ಗಳ ಒಳಪದರ ಬಿಟ್ಟುಕೊಂಡು ದಾರಿ ಮುಚ್ಚುವುದನ್ನೂ, ಎಥೆನಾಲ್ ಹೀರಿಕೊಂಡ ತೇವ ಹೆಚ್ಚಾಗಿ ಅವೆರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳದಲ್ಲಿ ನಿಲ್ಲುವುದನ್ನೂ ಕಾಣುತ್ತಿದ್ದೇನೆ. ಎರಡು ತಿಂಗಳು ನಿಂತ ದೋಣಿಯ ಫಿಲ್ಟರಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ಅರ್ಧ ಗಂಟೆ ಬಿಟ್ಟರೆ ನೀರಿದ್ದರೆ ಕಣ್ಣಿಗೇ ಕಾಣುತ್ತದೆ.

ಸ್ಪಾರ್ಕ್ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೀರಿನಿಂದ ಎಂಜಿನ್ ತಂಪಾಗಿಸುವ ವ್ಯವಸ್ಥೆಯ ಬಗ್ಗೆ ಹೇಳಲೇಬೇಕು. ಅಳಿವೆಯ ಮರಳು ನೀರಿನ ಪಂಪಿನ ರಬ್ಬರ್ ಇಂಪೆಲ್ಲರನ್ನು (ನೀರು ತಳ್ಳುವ ಚಕ್ರ) ಬೇಗ ಸವೆಸುತ್ತದೆ. ಬಿಸಿಯೇರಿದಾಗ ಈಚಿನ ಎಂಜಿನ್‌ಗಳು ತಮ್ಮನ್ನು ಉಳಿಸಿಕೊಳ್ಳಲು ಆರ್‌ಪಿಎಂ ಅನ್ನು ತಾವಾಗಿಯೇ ತಗ್ಗಿಸುತ್ತವೆ; ಮಾಲೀಕರು ಅದನ್ನೂ ‘ಪಿಕಪ್ ಇಲ್ಲ’ ಎಂದೇ ಹೇಳುತ್ತಾರೆ.

ಹೊನ್ನಾವರದ ದೋಣಿ ಓಡಿದ್ದು 3,800ರಲ್ಲಿ. ಎರಡು ಸಿಲಿಂಡರುಗಳ ಕಂಪ್ರೆಷನ್ ಬಹುತೇಕ ಸಮವಾಗಿತ್ತು, ಬಲ್ಬ್ ಒತ್ತಿದರೂ ವ್ಯತ್ಯಾಸವಾಗಲಿಲ್ಲ. ಎಂಜಿನ್ ನಿಲ್ಲಿಸಿ ಮುಚ್ಚಳ ತೆಗೆದು, ಒಬ್ಬರು ಥ್ರಾಟಲ್ ಪೂರ್ತಿ ತಿರುಗಿಸಿ ಹಿಡಿದಿದ್ದಾಗ ಕಾರ್ಬ್ಯುರೇಟರಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಗಾಳಿಯ ದಾರಿ ತೆರೆಯುವ ಬಟರ್‌ಫ್ಲೈ ತಟ್ಟೆ ಮುಕ್ಕಾಲು ಪಾಲು ಮಾತ್ರ ತೆರೆದಿತ್ತು: ಹಿಗ್ಗಿದ ಕೇಬಲ್. ಸರಿಪಡಿಸಿದಾಗ 4,100 ಬಂತು. ಪ್ರೊಪೆಲ್ಲರ್ ಮೇಲಿದ್ದ ಅಂಕಿ 13 ಪಿಚ್. ಹಿಂದಿನ ಮಾಲೀಕರು ಒಬ್ಬರೇ ಓಡಾಡುತ್ತಿದ್ದುದರಿಂದ ಅದು ಅವರಿಗೆ ನಡೆಯುತ್ತಿತ್ತು, ಐದು ಜನರ ಹೊರೆಗೆ ಅಷ್ಟು ಪಿಚ್ ಹೆಚ್ಚು. ದಡಕ್ಕೆಳೆಯುವಾಗ ದೋಣಿ ವಿಪರೀತ ಭಾರವೆನಿಸಿದ್ದರಿಂದ ತಳಹಲಗೆಯಲ್ಲೊಂದು ಸಣ್ಣ ತೂತು ಕೊರೆದು ನೋಡಿದೆವು. ಬೈರಿಗೆಗೆ ಅಂಟಿ ಬಂದ, ತೇಲಲೆಂದು ಹಲಗೆಯಡಿ ತುಂಬಿದ್ದ ಫೋಮ್ ಹಿಂಡಿದರೆ ನೀರು ಸುರಿಯುವಂತಿತ್ತು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಕಣ್ಣಿಗೆ ಕಾಣದ ಇಬ್ಬರು ಪ್ರಯಾಣಿಕರನ್ನು ಹೊಸ ಮಾಲೀಕರು ದಿನವೂ ಪುಕ್ಕಟೆ ಹೊತ್ತು ತಿರುಗುತ್ತಿದ್ದಿರಬೇಕು. ಹಲಗೆ ಬಿಚ್ಚಿ ಫೋಮ್ ತೆಗೆಸಿದ ಮೇಲೆ 4,400 ಆಯಿತು. ಪಿಚ್ ಒಂದು ಇಂಚು ಇಳಿಸಿದರೆ 150ರಿಂದ 200 ಸುತ್ತು ಏರುತ್ತದೆಂಬ ಲೆಕ್ಕದಲ್ಲಿ 11 ಪಿಚ್‌ನ ಪ್ರೊಪೆಲ್ಲರ್ ಹಾಕಿದಾಗ, ಐದು ಜನರೊಂದಿಗೆ ದೋಣಿ ಮೂತಿ ಇಳಿಸಿ 4,800ರಲ್ಲಿ ಓಡಿತು. ಅವರು ಮೊದಲು ಕಳಚಿಹಾಕಿದ್ದ ಇಗ್ನಿಷನ್ ಕಾಯಿಲ್‌ಗಳನ್ನು ಕುತೂಹಲಕ್ಕೆ ಅಳೆದು ನೋಡಿದೆ. ಎರಡೂ ಸರಿಯಾಗಿಯೇ ಇದ್ದವು. ಈಗ ಆ ದೋಣಿಯ ಪೆಟ್ಟಿಗೆಯಲ್ಲಿ ಬಿಡಿಭಾಗಗಳಾಗಿ ಕುಳಿತಿವೆ.