ಫ್ಲೋರೈಡ್ ಹಚ್ಚಿಸಿದ ಮೇಲೆ ಎಷ್ಟು ಹೊತ್ತು ಏನನ್ನೂ ತಿನ್ನಬಾರದು?

ಪ್ರಶ್ನೆ: ನನ್ನ ಮಗಳ ಹಲ್ಲುಗಳಿಗೆ ದಂತವೈದ್ಯರು ಫ್ಲೋರೈಡ್ ಹಚ್ಚಿದ್ದಾರೆ. ಅರ್ಧ ಗಂಟೆ ನೀರನ್ನೂ ಕೊಡಬಾರದು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ನೀರು ಕುಡಿದರೆ ತೊಂದರೆಯಿಲ್ಲ, ಆದರೆ ಆ ರಾತ್ರಿ ಹಲ್ಲುಜ್ಜಬಾರದು ಎಂದು ಇನ್ನೊಬ್ಬರು ಹೇಳುತ್ತಾರೆ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಉತ್ತರ: ಎರಡೂ ಮಾತುಗಳು ನಿಜವೇ, ಆದರೆ ಅವು ಎರಡು ಬೇರೆ ಬೇರೆ ಔಷಧಗಳಿಗೆ ಸಂಬಂಧಿಸಿದವು. ಅರ್ಧ ಗಂಟೆಯ ನಿಯಮ ಇರುವುದು ಫ್ಲೋರೈಡ್ ಜೆಲ್ ಅಥವಾ ನೊರೆಗೆ. ರಾತ್ರಿ ಹಲ್ಲುಜ್ಜಬಾರದು ಎಂಬುದು ಫ್ಲೋರೈಡ್ ವಾರ್ನಿಶ್‌ಗೆ. ಆದ್ದರಿಂದ ನೀವು ಮೊದಲು ತಿಳಿದುಕೊಳ್ಳಬೇಕಾದದ್ದು ಮಗಳಿಗೆ ಹಚ್ಚಿದ್ದು ಇವೆರಡರಲ್ಲಿ ಯಾವುದು ಎಂಬುದನ್ನು. ಬಾಯಿಗೆ ಹಲ್ಲಿನ ಸಾಲಿನ ಆಕಾರದ ತಟ್ಟೆಯನ್ನಿಟ್ಟು ಕೆಲವು ನಿಮಿಷ ಕಚ್ಚಿಹಿಡಿಯಲು ಹೇಳಿದ್ದರೆ ಅದು ಜೆಲ್ ಅಥವಾ ನೊರೆ. ಪುಟ್ಟ ಕುಂಚದಿಂದ ಒಂದೊಂದೇ ಹಲ್ಲಿಗೆ ಬಳಿದಿದ್ದು, ಹಲ್ಲಿನ ಮೇಲೆ ಅಂಟಂಟಾದ ಪೊರೆ ಉಳಿದಿದ್ದರೆ ಅದು ವಾರ್ನಿಶ್. ಸಂದೇಹವಿದ್ದರೆ ಚಿಕಿತ್ಸೆ ಕೊಟ್ಟಲ್ಲಿಗೇ ಕರೆಮಾಡಿ ಕೇಳುವುದು ಒಳ್ಳೆಯದು.

ಈ ಕಟ್ಟುಪಾಡುಗಳು ಏಕೆ ಎಂಬುದು ತಿಳಿದರೆ ಪಾಲಿಸುವುದು ಸುಲಭವಾಗುತ್ತದೆ. ನಾವು ತಿಂದ ಸಕ್ಕರೆ ಮತ್ತು ಪಿಷ್ಟವನ್ನು ಬಾಯಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಹಲ್ಲಿನ ಮೇಲ್ಮೈಯಲ್ಲಿ ಪಿಎಚ್ ಮಟ್ಟ (ಆಮ್ಲೀಯತೆಯ ಅಳತೆ, ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರತೊಡಗುತ್ತವೆ; ಆಮ್ಲ ತಗ್ಗಿದ ಮೇಲೆ ಜೊಲ್ಲು ಅವುಗಳನ್ನು ಮರಳಿ ತುಂಬುತ್ತದೆ. ಈ ಮರುಭರ್ತಿಯ ಹೊತ್ತಿನಲ್ಲಿ ಫ್ಲೋರೈಡ್ ಜೊತೆಗಿದ್ದರೆ, ಹೊಸದಾಗಿ ಕಟ್ಟಿಕೊಳ್ಳುವ ಖನಿಜ ಮೊದಲಿಗಿಂತ ಹೆಚ್ಚು ಆಮ್ಲವನ್ನು ತಡೆದುಕೊಳ್ಳುತ್ತದೆ. ದಂತವೈದ್ಯರು ಬಳಸುವ ಗಾಢ ಫ್ಲೋರೈಡ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಅದು ಹಲ್ಲಿನ ಮೇಲೆ ಕ್ಯಾಲ್ಸಿಯಂ ಫ್ಲೋರೈಡ್‌ನಂತಹ ಅತಿ ಸೂಕ್ಷ್ಮ ಕಣಗಳನ್ನು ಕೂಡಿಡುತ್ತದೆ, ಮುಂದೆ ಬಾಯಿಯಲ್ಲಿ ಆಮ್ಲ ಹೆಚ್ಚಿದಾಗಲೆಲ್ಲ ಆ ದಾಸ್ತಾನಿನಿಂದ ಫ್ಲೋರೈಡ್ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತದೆ. ಈ ದಾಸ್ತಾನು ಚೆನ್ನಾಗಿ ಕೂಡಬೇಕಾದರೆ ಔಷಧ ಹಲ್ಲಿಗೆ ತಗುಲಿಕೊಂಡು ಸಾಕಷ್ಟು ಹೊತ್ತು ಇರಬೇಕು. ಊಟ ತಿಂಡಿಯ ಮೇಲಿನ ನಿರ್ಬಂಧಗಳೆಲ್ಲ ಹುಟ್ಟಿರುವುದು ಇಷ್ಟಕ್ಕಾಗಿಯೇ.

ಜೆಲ್‌ನ ವಿಷಯ ಸರಳವಾದದ್ದು. ಹೆಚ್ಚಾಗಿ ಬಳಕೆಯಲ್ಲಿರುವ ಜೆಲ್‌ನಲ್ಲಿ ಶೇಕಡಾ 1.23ರಷ್ಟು ಫ್ಲೋರೈಡ್ ಇರುತ್ತದೆ. ಅದನ್ನು 4 ನಿಮಿಷ ಹಲ್ಲಿಗೆ ತಾಗಿಸಿಟ್ಟು, ಬಳಿಕ ಉಳಿದದ್ದನ್ನೆಲ್ಲ ಉಗುಳಿಸುತ್ತಾರೆ. ಆಗ ಹಲ್ಲಿನ ಮೇಲೆ ಉಳಿಯುವುದು ಒಂದು ಗುಟುಕು ನೀರಿಗೂ ತೊಳೆದುಹೋಗುವಷ್ಟು ತೆಳುವಾದ ಲೇಪ ಮಾತ್ರ. ಹಾಗಾಗಿ ಮುಂದಿನ 30 ನಿಮಿಷ ತಿನ್ನುವುದು, ಕುಡಿಯುವುದು, ಬಾಯಿ ಮುಕ್ಕಳಿಸುವುದು ಯಾವುದೂ ಬೇಡ. ಬಾಯಿಯಲ್ಲಿ ಜೊಲ್ಲು ತುಂಬಿದರೆ ನುಂಗದೆ ಉಗುಳಬೇಕು. ಆ ಅವಧಿ ಮುಗಿದ ಮೇಲೆ ಎಂದಿನಂತೆ ಊಟ ಮಾಡಬಹುದು.

ವಾರ್ನಿಶ್‌ನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ, ಏಕೆಂದರೆ ನಿಮ್ಮ ಮಗಳಿಗೆ ಹಚ್ಚಿರುವುದು ಬಹುಶಃ ಇದನ್ನೇ. ಆರು ವರ್ಷದೊಳಗಿನ ಮಕ್ಕಳಿಗೆ ವೈದ್ಯರು ಹಚ್ಚುವ ಫ್ಲೋರೈಡ್‌ಗಳ ಪೈಕಿ ವಾರ್ನಿಶ್ ಒಂದನ್ನೇ ಬಳಸಬೇಕೆಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2013ರಲ್ಲಿ ಶಿಫಾರಸು ಮಾಡಿತು. ಪುಟ್ಟ ಮಕ್ಕಳು ಜೆಲ್ಲನ್ನು ಉಗುಳುವ ಬದಲು ನುಂಗಿಬಿಡುತ್ತಾರೆ ಎಂಬುದು ಇದರ ಹಿಂದಿರುವ ಮುಖ್ಯ ಕಾಳಜಿ. ಸಾಮಾನ್ಯ ವಾರ್ನಿಶ್‌ನಲ್ಲಿ ಶೇಕಡಾ 5ರಷ್ಟು ಸೋಡಿಯಂ ಫ್ಲೋರೈಡ್ ಇರುತ್ತದೆ, ಅಂದರೆ ಹತ್ತು ಲಕ್ಷ ಭಾಗಕ್ಕೆ 22,600 ಭಾಗ ಫ್ಲೋರೈಡ್. ದೊಡ್ಡವರು ದಿನನಿತ್ಯ ಬಳಸುವ ಟೂತ್‌ಪೇಸ್ಟಿನಲ್ಲಿ ಸಾಮಾನ್ಯವಾಗಿ ಇರುವುದು 1,000ದಿಂದ 1,500 ಭಾಗ. ಈ ಹೋಲಿಕೆಯನ್ನು ನೋಡಿ ಗಾಬರಿಯಾಗಬೇಕಿಲ್ಲ, ಏಕೆಂದರೆ ಹಚ್ಚುವ ಪ್ರಮಾಣ ಕೆಲವೇ ಹನಿಗಳಷ್ಟು, ಮತ್ತು ಅದು ಒಮ್ಮೆಲೇ ಹೊಟ್ಟೆಗೆ ಹೋಗದೆ ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತದೆ.

ವಾರ್ನಿಶ್‌ನಲ್ಲಿ ಫ್ಲೋರೈಡನ್ನು ಹಿಡಿದಿಡುವುದು ರಾಳ. ಜೊಲ್ಲು ತಾಗಿದ ಕೂಡಲೇ ಅದು ಗಟ್ಟಿಯಾಗಿ ಹಲ್ಲಿಗೆ ಕಚ್ಚಿಕೊಳ್ಳುತ್ತದೆ, ನೀರಿಗೆ ಕರಗಿಹೋಗುವುದಿಲ್ಲ. ಆದ್ದರಿಂದಲೇ ಮಗು ಮನೆಗೆ ಬರುವ ದಾರಿಯಲ್ಲೇ ತಣ್ಣೀರು ಕುಡಿದರೂ ನಷ್ಟವಿಲ್ಲ. ಹಸಿದ ಮಗುವನ್ನು ಉಪವಾಸ ಕೂರಿಸುವ ಅಗತ್ಯವೂ ಇಲ್ಲ. ಪೊರೆಯನ್ನು ಕೆಡಿಸುವುದು ಬೇರೆ ಸಂಗತಿಗಳು: ಬಿಸಿಯಾದದ್ದು ಅದನ್ನು ಮೆದುವಾಗಿಸುತ್ತದೆ, ಗಟ್ಟಿಯಾದ ಮತ್ತು ಗರಿಗರಿಯಾದ ತಿನಿಸು ಅದನ್ನು ಕೆರೆದು ತೆಗೆಯುತ್ತದೆ, ಅಂಟುವ ಮಿಠಾಯಿ ಅದನ್ನು ಕಿತ್ತುಕೊಂಡೇ ಬರುತ್ತದೆ, ಮದ್ಯ ಹಾಗೂ ಆಲ್ಕೋಹಾಲ್ ಬೆರೆತ ಮೌತ್‌ವಾಶ್ ರಾಳವನ್ನು ಕರಗಿಸುತ್ತವೆ. ಸಾಮಾನ್ಯವಾಗಿ 4ರಿಂದ 6 ಗಂಟೆಗಳ ಕಾಲ ಇವುಗಳನ್ನು ದೂರವಿಟ್ಟು, ಮೆತ್ತಗಿನ, ಆರಿದ ಆಹಾರವನ್ನು ಕೊಡಿ. ತಯಾರಕರು ಹೇಳುವ ಅವಧಿ ಒಂದೊಂದು ವಾರ್ನಿಶ್‌ಗೆ ಒಂದೊಂದು ರೀತಿ ಇರುವುದರಿಂದ, ನಿಮ್ಮ ವೈದ್ಯರು ಇಂತಿಷ್ಟೇ ಗಂಟೆ ಎಂದು ಹೇಳಿದ್ದರೆ ಇಲ್ಲಿ ಬರೆದಿರುವುದಕ್ಕಿಂತ ಅವರ ಮಾತೇ ಮೇಲು.

ಹಲ್ಲುಜ್ಜುವುದು ಮತ್ತು ಹಲ್ಲಿನ ಸಂದಿಗೆ ದಾರ ಹಾಯಿಸುವುದು ಮರುದಿನ ಬೆಳಿಗ್ಗೆಗಿರಲಿ. ರಾತ್ರಿ ಹಲ್ಲುಜ್ಜದೆ ಮಲಗಬೇಡ ಎಂದು ಮಕ್ಕಳಿಗೆ ಅಭ್ಯಾಸ ಮಾಡಿಸಿದ ತಾಯ್ತಂದೆಯರಿಗೆ ಇದು ಕಸಿವಿಸಿ ಉಂಟುಮಾಡುತ್ತದೆ, ಅದು ಸಹಜವೇ. ಆದರೆ ಆ ಒಂದು ರಾತ್ರಿ ಹಲ್ಲಿನ ಮೇಲಿರುವ ಪೊರೆ ಕೊಡುವ ರಕ್ಷಣೆಯೇ ಹೆಚ್ಚಿನದು. ಮನೆಯಲ್ಲಿ ಬಳಸಲೆಂದು ಬೇರೆ ಫ್ಲೋರೈಡ್ ಜೆಲ್, ದ್ರಾವಣ ಅಥವಾ ಮಾತ್ರೆಯನ್ನು ಬರೆದುಕೊಟ್ಟಿದ್ದರೆ ಅದನ್ನು ಯಾವಾಗಿನಿಂದ ಮತ್ತೆ ಶುರುಮಾಡಬೇಕೆಂದು ಕೇಳಿಕೊಳ್ಳಿ.

ಮರೆತು ಬಿಸಿ ಹಾಲು ಕುಡಿಸಿಬಿಟ್ಟರೆ, ಅಥವಾ ಮಗು ಏನನ್ನೋ ಕಡಿದು ತಿಂದುಬಿಟ್ಟರೆ ಏನಾಗುತ್ತದೆ? ಅಪಾಯವೇನೂ ಆಗುವುದಿಲ್ಲ, ಪೊರೆಯ ಒಂದಿಷ್ಟು ಭಾಗ ಬೇಗ ಹೋಗಿ, ಪ್ರಯೋಜನ ಅಷ್ಟರಮಟ್ಟಿಗೆ ಕಡಿಮೆಯಾಗಬಹುದು. ಮತ್ತೆ ಹಚ್ಚಬೇಕೇ ಎಂಬುದನ್ನು ವೈದ್ಯರು ಹೇಳಬೇಕೇ ಹೊರತು ಆ ತಪ್ಪಿಗಾಗಿ ಮಗುವನ್ನು ಗದರಬೇಕಾದದ್ದಿಲ್ಲ. ಜೆಲ್ಲನ್ನು ನುಂಗಿದ್ದರೆ ಮಾತ್ರ ವಿಷಯ ಬೇರೆ. ಆಗ ಹೊಟ್ಟೆ ತೊಳಸುವುದು, ವಾಂತಿಯಾಗುವುದು ಉಂಟು. ಹಾಲಿನಲ್ಲಿರುವ ಕ್ಯಾಲ್ಸಿಯಂ ಜಠರದಲ್ಲಿ ಫ್ಲೋರೈಡನ್ನು ಹಿಡಿದುಕೊಳ್ಳುವುದರಿಂದ ಹಾಲು ಕುಡಿಸಿ, ಕೂಡಲೇ ವೈದ್ಯರಿಗೆ ತಿಳಿಸಿ. ಇಲ್ಲಿ ಅರ್ಧ ಗಂಟೆಯ ನಿಯಮವನ್ನು ನೋಡುತ್ತ ಕೂರಬಾರದು.

ಹಲವು ವಾರ್ನಿಶ್‌ಗಳಲ್ಲಿರುವುದು ಪೈನ್ ಮರದ ರಾಳ. ಅದಕ್ಕೆ ಅಲರ್ಜಿ ಇರುವವರು, ಹಾಗೆಯೇ ಒಸಡಿನಲ್ಲಿ ಹುಣ್ಣಿರುವವರು ಹಚ್ಚಿಸಿಕೊಳ್ಳುವ ಮೊದಲೇ ಹೇಳಬೇಕು. ಮನೆಗೆ ಬಂದ ಮೇಲೆ ತುಟಿ, ನಾಲಿಗೆ ಊದಿಕೊಂಡರೆ ಅಥವಾ ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ಹಲ್ಲು ಹಳದಿಯಾಗಿಯೋ ಮಂಕಾಗಿಯೋ ಕಾಣುವುದು, ನಾಲಿಗೆಗೆ ಒರಟೊರಟಾಗಿ ತಾಗುವುದು ಮಾತ್ರ ಯಾವ ತೊಂದರೆಯ ಗುರುತೂ ಅಲ್ಲ. ಅದು ರಾಳದ ಪೊರೆ. ಮರುದಿನ ಬೆಳಿಗ್ಗೆ ಹಲ್ಲುಜ್ಜಿದಾಗ ಹೋಗುತ್ತದೆ.