ಎವರೆಸ್ಟ್ ನೆತ್ತಿಯಲ್ಲೊಂದು ಇಸಿಜಿ

1975ರ ಮೇ 27ರಂದು ಎವರೆಸ್ಟ್ ತುದಿ ಮುಟ್ಟಿದ ಟಿಬೆಟಿನ ಮಹಿಳೆ ಫಂತೋಗ್ ಅಲ್ಲೇ ಹಿಮದ ಮೇಲೆ ಮಲಗಿದರು. ಸುಸ್ತಾಗಿ ಅಲ್ಲ, ಇಸಿಜಿ ತೆಗೆಯುವುದಕ್ಕೆ! ಅವರ ಹೃದಯದ ಮಿಡಿತ ರೇಡಿಯೊ ಸಂಕೇತವಾಗಿ ಕೆಳಗಿನ ಬೇಸ್ ಕ್ಯಾಂಪ್ ತಲುಪಿತು. ಜಪಾನಿನ ಜುಂಕೊ ತಾಬೆಯಿ ಆ ಶಿಖರವೇರಿದ ಮೊದಲ ಮಹಿಳೆ ಎನಿಸಿಕೊಂಡು ಆಗಿನ್ನೂ ಹನ್ನೊಂದೇ ದಿನವಾಗಿತ್ತು. ಹಾಗಾಗಿ ಮೂರು ಮಕ್ಕಳ ತಾಯಿ ಫಂತೋಗ್ ಹೆಸರು ನಮ್ಮ ಕಡೆ ಹೆಚ್ಚು ಕೇಳಿಬರುವುದಿಲ್ಲ.

ಅಷ್ಟು ಎತ್ತರದಲ್ಲಿ ಆಮ್ಲಜನಕ ಕಡಿಮೆ ಎನ್ನುವುದು ವಾಡಿಕೆ. ನಿಜವಾಗಿ ಗಾಳಿಯಲ್ಲಿ ಅದರ ಪಾಲು ಅಲ್ಲೂ ಶೇ. 21ರಷ್ಟೇ. ಇಳಿಯುವುದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 760 ಮಿ.ಮೀ. ಪಾದರಸದಷ್ಟಿರುವ ಒತ್ತಡ, 1981ರಲ್ಲಿ ಎವರೆಸ್ಟ್ ತುದಿಯಲ್ಲೇ ಅಳೆದಾಗ 253 ಇತ್ತು. ಒಳಗೆಳೆದ ಉಸಿರಿನಲ್ಲಿ ನೀರಾವಿ ಎಲ್ಲೇ ಆದರೂ 47 ಮಿ.ಮೀ. ಜಾಗ ಹಿಡಿಯುತ್ತದೆ. ಉಳಿದುದರಲ್ಲಿ ಆಮ್ಲಜನಕಕ್ಕೆ ಸಿಗುವುದು ಸುಮಾರು 43; ಕೆಳಗಾದರೆ ಅದು 150ರ ಹತ್ತಿರ. ದೇಹಕ್ಕೆ ಆಗ ಇರುವ ದೊಡ್ಡ ಆಸರೆ ಏದುಸಿರು. ಜೋರಾಗಿ ಉಸಿರಾಡಿ ಶ್ವಾಸಕೋಶದ ಇಂಗಾಲದ ಡೈಆಕ್ಸೈಡನ್ನು ಹೊರದಬ್ಬಿದಷ್ಟೂ ಆಮ್ಲಜನಕಕ್ಕೆ ಜಾಗವಾಗುತ್ತದೆ. ಸಾಮಾನ್ಯವಾಗಿ 40 ಮಿ.ಮೀ. ಇರುವ ಇಂಗಾಲದ ಡೈಆಕ್ಸೈಡಿನ ಒತ್ತಡ ಎವರೆಸ್ಟ್ ತುದಿಯಲ್ಲಿ ಏಳೆಂಟಕ್ಕೆ ಇಳಿಯುತ್ತದೆ.

ಈ ಲೆಕ್ಕಾಚಾರಕ್ಕೆ ಅಡಿಪಾಯ ಹಾಕಿದವರಲ್ಲಿ ಇಂಗ್ಲೆಂಡಿನ ಮೇಬಲ್ ಫಿಟ್ಜ್‌ಜೆರಾಲ್ಡ್ ಒಬ್ಬರು. 1911ರಲ್ಲಿ ಹಾಲ್ಡೇನ್ ಮತ್ತಿತರ ಶರೀರವಿಜ್ಞಾನಿಗಳು ಅಮೆರಿಕದ ಕೊಲರಾಡೊದಲ್ಲಿ 4,300 ಮೀಟರ್ ಎತ್ತರದ ಪೈಕ್ಸ್ ಪೀಕ್ ಮೇಲೆ ವಾರಗಟ್ಟಲೆ ತಂಗಿ ಪ್ರಯೋಗ ಮಾಡಿದರು. ತಂಡದ ಏಕೈಕ ಮಹಿಳೆ ಮೇಬಲ್ ಮಾತ್ರ ಅವರೊಡನೆ ಅಲ್ಲಿ ತಂಗಲಿಲ್ಲ. ಆಕೆ ಒಬ್ಬರೇ ಗಣಿ ಊರುಗಳನ್ನು ಸುತ್ತಿದರು. ಅಲ್ಲಿ ನೆಲೆಸಿದವರಿಗೆ ಕೊಳವೆಯೊಳಗೆ ಜೋರಾಗಿ ಉಸಿರೂದಲು ಹೇಳಿ, ಆ ಉಸಿರಿನ ಕೊನೆಯ ಗಾಳಿಯನ್ನು ಹಿಡಿದು ಪರೀಕ್ಷಿಸಿದರು. ರಕ್ತದ ಹಿಮೋಗ್ಲೋಬಿನ್ ಅಳೆದರು. ಎತ್ತರ ಹೆಚ್ಚಿದಂತೆ ಉಸಿರಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಹಿಮೋಗ್ಲೋಬಿನ್ ಏರುತ್ತದೆ ಎಂದು 1913ರಲ್ಲಿ ಅಂಕಿಅಂಶ ಸಮೇತ ತೋರಿಸಿದರು. ನನ್ನ ಮಟ್ಟಿಗೆ ಶಿಖರದ ಮೇಲೆ ಕೂತವರ ಕೆಲಸಕ್ಕಿಂತ ಇದೇ ಒಂದು ಕೈ ಮೇಲು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅವರಿಗೆ ಗೌರವ ಪದವಿ ಕೊಟ್ಟದ್ದು 1972ರಲ್ಲಿ, ಅವರಿಗೆ ನೂರು ತುಂಬಿದಾಗ!

ಅಂದಹಾಗೆ, ತಲೆಮಾರುಗಳಿಂದ ಎತ್ತರದಲ್ಲೇ ಬದುಕಿರುವ ಟಿಬೆಟನ್ನರ ಕಥೆ ಬೇರೆ. ಇಪಿಎಎಸ್1 ಎಂಬ ಜೀನಿನ ವಿಶಿಷ್ಟ ರೂಪದಿಂದಾಗಿ ಅವರ ಹಿಮೋಗ್ಲೋಬಿನ್ ಅಷ್ಟಾಗಿ ಏರುವುದಿಲ್ಲ. ರಕ್ತ ಮಂದವಾಗಿ ಹೃದಯಕ್ಕೆ ಭಾರವಾಗುವ ತೊಂದರೆಯೂ ಅವರಲ್ಲಿ ಕಡಿಮೆ.

ಹಾಗಾದರೆ ಹೆಣ್ಣು ದೇಹಕ್ಕೆ ಎತ್ತರ ಹೆಚ್ಚು ಕಷ್ಟವೇ? ಹೆಂಗಸರ ಹಿಮೋಗ್ಲೋಬಿನ್ ಸರಾಸರಿ ಕಡಿಮೆ. ಮುಟ್ಟಿನಲ್ಲಿ ಕಬ್ಬಿಣಾಂಶವೂ ಹೋಗುತ್ತದೆ. ಇತ್ತ ಪ್ರೊಜೆಸ್ಟೆರಾನ್ ಹಾರ್ಮೋನು ಉಸಿರಾಟವನ್ನು ಚುರುಕುಗೊಳಿಸುತ್ತದೆ. ನ್ಯೂಜಿಲೆಂಡಿನ ಲಿಡಿಯಾ ಬ್ರೇಡಿ 1988ರಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ ಎವರೆಸ್ಟ್ ಏರಿದಾಗ ಜೊತೆಗಿದ್ದ ಆರೋಹಿಗಳೇ ನಂಬಲಿಲ್ಲ; ಆಕೆಯ ಮಾತು ನಿಜವೆಂದು ಒಪ್ಪಿದ್ದು ಆಮೇಲೆ. ಈಗಂತೂ ಅಂಕಿಅಂಶಗಳೇ ಇವೆ. ಅಮೆರಿಕದ ಜೀವವಿಜ್ಞಾನಿ ರೇ ಹ್ಯೂಯಿ ಮತ್ತು ಸಂಗಡಿಗರು ಎವರೆಸ್ಟ್ ಏರಲು ಹೊರಟವರ ದಾಖಲೆಗಳನ್ನು ಜಾಲಾಡಿದಾಗ, ತುದಿ ಮುಟ್ಟುವ ಸಾಧ್ಯತೆಯಲ್ಲಾಗಲಿ ಸಾಯುವ ಸಾಧ್ಯತೆಯಲ್ಲಾಗಲಿ ಹೆಣ್ಣು ಗಂಡೆಂಬ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎದ್ದು ಕಂಡದ್ದು ವಯಸ್ಸು: ಅರವತ್ತು ದಾಟಿದವರಿಗೆ ತುದಿ ಸಿಗುವ ಸಾಧ್ಯತೆ ಕಡಿಮೆ, ಇಳಿಯುವಾಗ ಜೀವಕ್ಕೆ ಅಪಾಯ ಹೆಚ್ಚು.