‘ರೊಕ್ಕ ಬ್ಯಾಂಕಿನಾಗೇ ಅದರಿ, ಸಾಹೇಬ್ರ’

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಕಚೇರಿಗಳಲ್ಲಿ ಲೆಕ್ಕಪರಿಶೋಧನೆಗೆ ಕೂತಾಗ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: ‘ರೊಕ್ಕ ಎಲ್ಲಿ ಹೋಗ್ಯದರಿ? ಬ್ಯಾಂಕಿನಾಗೇ ಅದ. ಒಂದು ಪೈಸಾ ಯಾರೂ ತಿಂದಿಲ್ಲ.’ ಹೇಳುವವರು ಬಹುಪಾಲು ಪ್ರಾಮಾಣಿಕರೇ. ಚಹಾ ತರಿಸುತ್ತಾರೆ, ಪಾಸ್‌ಬುಕ್ ಮುಂದಿಡುತ್ತಾರೆ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಹಣ ಇದೆ. ಮೂರು ವರ್ಷದ ಹಿಂದೆ ಬಂದದ್ದೂ ಹಾಗೇ ಇದೆ. ತಕರಾರು ಇರುವುದೇ ಅದಕ್ಕೆ.

ಬೀದರ್ ಜಿಲ್ಲೆಯ ಮೆಥಡಿಸ್ಟ್ ಸಭೆಗಳಲ್ಲಿ ಬೆಳೆದವರಿಗೆ ಈ ಉತ್ತರ ಹೊಸದಲ್ಲ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಮೂರನೇ ಆಳು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಯಜಮಾನ ಪರದೇಶಕ್ಕೆ ಹೊರಡುವಾಗ ಒಬ್ಬನಿಗೆ ಐದು, ಒಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ತಲಾಂತು ಒಪ್ಪಿಸಿ ಹೋಗುತ್ತಾನೆ. ಮೊದಲಿಬ್ಬರು ವ್ಯಾಪಾರ ಮಾಡಿ ಇಮ್ಮಡಿ ಮಾಡುತ್ತಾರೆ. ಮೂರನೆಯವನು ಗುಂಡಿ ತೋಡಿ ಹೂತಿಡುತ್ತಾನೆ. ಬಹುಕಾಲದ ಮೇಲೆ ಯಜಮಾನ ಬಂದು ಲೆಕ್ಕ ಕೇಳಿದಾಗ ಅಗೆದು ತೆಗೆದು, ‘ಇಗೋ ನಿನ್ನದು’ ಎಂದು ಕೈಗಿಡುತ್ತಾನೆ.

ತಲಾಂತು ಎಂದರೆ ಪ್ರತಿಭೆ, ದೇವರು ಕೊಟ್ಟ ವರ ಎಂದು ಭಾನುವಾರದ ಪ್ರಸಂಗದಲ್ಲಿ ವಿವರಿಸುತ್ತಾರೆ. ಇರಲಿ, ಅದು ಬೋಧಕರಿಗೆ ಬಿಟ್ಟ ವಿಷಯ. ಲೆಕ್ಕದವರಿಗೆ ಅದು ಮೊದಲು ತೂಕ, ಆಮೇಲೆ ದುಡ್ಡು. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ದ್ರಾಕ್ಷಿತೋಟದ ಕೂಲಿಯವರ ಕಥೆಯ ಪ್ರಕಾರ ಒಂದು ದಿನಾರಿ ಒಬ್ಬ ಆಳಿನ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೆ 20 ವರ್ಷದ ಸಂಪಾದನೆ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ದರದಲ್ಲಿ ಒಂದು ತಲಾಂತು 22 ಲಕ್ಷದ 20 ಸಾವಿರ. ಮೂರನೆಯವನಿಗೆ ಕೊಟ್ಟದ್ದು ಚಿಲ್ಲರೆ ಅಲ್ಲ. ನಮ್ಮಲ್ಲಾದರೆ ಒಂದು ಅಂಗನವಾಡಿ ಕಟ್ಟಡಕ್ಕೆ ಕೈಹಾಕಬಹುದಾದ ಮೊತ್ತ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. ಆ ಆಳು ಮಾಡಿದ್ದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಬೇರೆಯವರು ಒಪ್ಪಿಸಿದ ಹಣವನ್ನು ನೆಲದಲ್ಲಿ ಹೂಳುವುದೇ ಸರಿಯಾದ ಕಾಪು ಎಂದು ಯೆಹೂದ್ಯರ ತಾಲ್ಮುಡ್ ಹೇಳುತ್ತದೆ. ಹಾಗೆ ಹೂತಿಟ್ಟವನ ಮೇಲೆ ಹಣ ಕಳುವಾದರೂ ಹೊಣೆ ಬರುವುದಿಲ್ಲ. ಲೂಕನ ಸುವಾರ್ತೆಯಲ್ಲಿ ಇದೇ ಬಗೆಯ ಕಥೆಯೊಂದಿದೆ, ಅಲ್ಲಿಯ ಆಳು ಹಣವನ್ನು ವಸ್ತ್ರದಲ್ಲಿ ಕಟ್ಟಿಡುತ್ತಾನೆ. ಅದು ನಿಜಕ್ಕೂ ಅಜಾಗ್ರತೆ. ಮತ್ತಾಯನ ಆಳು ಹಾಗಲ್ಲ, ನಿಯಮ ಬಲ್ಲವನು. ಇಂದಿನ ಭಾಷೆಯಲ್ಲಿ ಅವನ ಮೇಲೆ ಆಡಿಟ್ ವರದಿಯಲ್ಲಿ ದುರ್ಬಳಕೆಯ ಕಂಡಿಕೆ ಬರೆಯಲು ಬರುವುದಿಲ್ಲ. ಆರಂಭ ಶಿಲ್ಕು, ಅಂದರೆ ಮೊದಲಿದ್ದ ಮೊತ್ತ, ಒಂದು ತಲಾಂತು; ಅಖೈರು ಶಿಲ್ಕು, ಅಂದರೆ ಕೊನೆಗೆ ಉಳಿದದ್ದು, ಒಂದು ತಲಾಂತು. ಆದರೂ ಯಜಮಾನ ಅವನನ್ನು ಕೆಟ್ಟವನು, ಮೈಗಳ್ಳ ಎಂದು ಹೊರಗೆ ಹಾಕಿಸುತ್ತಾನೆ. ಕೊಟ್ಟದ್ದು ಕಾಯಲಿಕ್ಕಲ್ಲ, ಕೆಲಸಕ್ಕೆ.

ಸರ್ಕಾರದ ಅನುದಾನಕ್ಕೂ ಇದೇ ಮಾತು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿ ಬಂದು, ಪ್ರದೇಶಾಭಿವೃದ್ಧಿ ಮಂಡಳಿ ಆಗಿ, ವರ್ಷಕ್ಕೆ ಸಾವಿರಾರು ಕೋಟಿ ಘೋಷಣೆಯಾಗುವ ಪ್ರದೇಶ ಇದು. ಅನುದಾನ ಇಲ್ಲ ಎಂದು ದಶಕಗಟ್ಟಲೆ ಅತ್ತವರು ನಾವು. ಬಂದದ್ದನ್ನು ಹೂತಿಟ್ಟು ಕೂತರೆ ಯಾರ ಹತ್ತಿರ ಹೋಗಿ ಅಳೋಣ?

ಹೂಳುವುದು ಹೇಗೆಂದರೆ ಹೀಗೆ. ಆಯವ್ಯಯದ ಹಣಕ್ಕೆ ಮಾರ್ಚ್ 31ಕ್ಕೆ ಆಯುಸ್ಸು ಮುಗಿಯುತ್ತದೆ. ಕೆಲಸ ಶುರುವಾಗಿಲ್ಲ, ಹಣ ಲ್ಯಾಪ್ಸ್ ಆದರೆ ಮೇಲಿನವರು ಬಯ್ಯುತ್ತಾರೆ. ಆಗ ಮಾರ್ಚ್ ಕೊನೆಯ ವಾರ ಬಿಲ್ ಮಾಡಿ, ಖಜಾನೆಯಿಂದ ಎತ್ತಿ, ಕೆಲಸ ವಹಿಸಿಕೊಂಡ ಏಜೆನ್ಸಿಯ ಖಾತೆಗೋ ಕಚೇರಿಯದೇ ಉಳಿತಾಯ ಖಾತೆಗೋ ಹಾಕುತ್ತಾರೆ. ತಕ್ಷಣ ಬೇಕಿಲ್ಲದ ಹಣವನ್ನು ಲ್ಯಾಪ್ಸ್ ತಪ್ಪಿಸಲೆಂದು ಖಜಾನೆಯಿಂದ ಎತ್ತುವುದನ್ನು 1958ರ ಕರ್ನಾಟಕ ಆರ್ಥಿಕ ಸಂಹಿತೆ ಒಪ್ಪುವುದಿಲ್ಲ. ಇದು ಬಿಲ್‌ಗೆ ಸಹಿ ಹಾಕಿ ಹಣ ಎತ್ತುವ ಪ್ರತಿ ಅಧಿಕಾರಿಗೂ (ಡಿಡಿಒ) ಗೊತ್ತು, ಹೆಚ್ಚು ಹೇಳಬೇಕಾಗಿಲ್ಲ. ಗೊತ್ತಿಲ್ಲದ್ದು ಮುಂದಿನದು. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ್ದೂ ಅದೇ.

ಹಣ ವರ್ಗಾವಣೆಯಾದರೆ ಖರ್ಚಾದಂತಲ್ಲ.

ಬಿಡುಗಡೆ ಬೇರೆ, ವರ್ಗಾವಣೆ ಬೇರೆ, ಖರ್ಚು ಬೇರೆ. ಸರ್ಕಾರ ಆದೇಶ ಹೊರಡಿಸಿ ಹಣ ಕೊಟ್ಟದ್ದು ಬಿಡುಗಡೆ. ನಿಮ್ಮ ಕಚೇರಿಯಿಂದ ಏಜೆನ್ಸಿಗೆ ಹೋದದ್ದು ವರ್ಗಾವಣೆ. ನಿಮ್ಮ ಲೆಕ್ಕದಲ್ಲಿ ಅದು ಮುಂಗಡ, ಅವರ ಲೆಕ್ಕದಲ್ಲಿ ಠೇವಣಿ. ಪಾಯ ತೋಡಿ, ಕಾಂಕ್ರೀಟ್ ಹಾಕಿ, ಇಂಜಿನಿಯರ್ ಟೇಪ್ ಹಿಡಿದು ಅಳೆದು, ಅಳತೆ ಪುಸ್ತಕದಲ್ಲಿ (ಎಂ.ಬಿ.) ಬರೆದು, ಅದರ ಮೇಲೆ ಬಿಲ್ ಆಗಿ, ವೋಚರ್ ಹುಟ್ಟಿದಾಗ ಮಾತ್ರ ಖರ್ಚು. ಎಂ.ಬಿ. ಪುಟದ ಸಂಖ್ಯೆ ಇಲ್ಲದ ಖರ್ಚು ಕಾಮಗಾರಿಯಲ್ಲಿ ಇರುವುದಿಲ್ಲ. ಮನೆ ಕಟ್ಟಿಸುವಾಗ ಇದು ಎಲ್ಲರಿಗೂ ತಿಳಿಯುತ್ತದೆ: ಗೌಂಡಿಯ ಕೈಗೆ ಎರಡು ಲಕ್ಷ ಮುಂಗಡ ಕೊಟ್ಟ ದಿನವೇ ಗೃಹಪ್ರವೇಶದ ಪತ್ರಿಕೆ ಯಾರೂ ಹಂಚುವುದಿಲ್ಲ. ಕಚೇರಿಗೆ ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಅದು ಹೇಗೆ ಮರೆಯುತ್ತದೋ ಕಾಣೆ.

‘ಆದರೆ ಖಜಾನೆ-2ರಲ್ಲಿ ವೆಚ್ಚ ಅಂತ ತೋರಸ್ತದಲ್ರಿ’ ಎಂದು ವಾದಿಸುವವರಿದ್ದಾರೆ. ರಾಜ್ಯ ಖಜಾನೆಯ ಆ ಕಂಪ್ಯೂಟರ್ ವ್ಯವಸ್ಥೆ ತೋರಿಸುತ್ತದೆ, ನಿಜ. ಬಿಲ್ ಪಾಸಾದ ಕ್ಷಣ ರಾಜ್ಯದ ಲೆಕ್ಕದಲ್ಲಿ ಆ ಶೀರ್ಷಿಕೆಯ ಕೆಳಗೆ ವೆಚ್ಚ ಬೀಳುತ್ತದೆ. ಅಪಾಯವೂ ಅದೇ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಆರ್ಥಿಕ ಪ್ರಗತಿ ನೂರರ ಹತ್ತಿರ, ಭೌತಿಕ ಪ್ರಗತಿ ಸೊನ್ನೆಯ ಹತ್ತಿರ. ಮೇಲೆ ಕೂತವರು ಮೊದಲನೆಯ ಅಂಕಣ ನೋಡಿ ಮುಂದಿನ ವರ್ಷದ ಹಂಚಿಕೆ ಮಾಡುತ್ತಾರೆ. ಊರಿನವರು ಎರಡನೆಯದನ್ನು ನೋಡುತ್ತಾರೆ.

ಪಾಸ್‌ಬುಕ್ಕಿನ ಒಂದು ಪುಟವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ಸುಲಭವಾಗಲೆಂದು ಹಾಕಿದವು. ಮಾರ್ಚ್ 30ಕ್ಕೆ ಒಂದು ಕೋಟಿ ಜಮಾ. ಅದರ ಕೆಳಗೆ ಮೂರು ತಿಂಗಳಿಗೊಂದು ಸಾಲು, ಬಡ್ಡಿ 75,000. ಮತ್ತೆ 75,000. ಹೀಗೆ ಆರು ಸಾಲು, ನಡುವೆ ಒಂದೂ ಚೆಕ್ ಇಲ್ಲ. ಶೇ. 3ರ ದರದಲ್ಲಿ ಒಂದೂವರೆ ವರ್ಷಕ್ಕೆ ನಾಲ್ಕೂವರೆ ಲಕ್ಷ ಬಡ್ಡಿ ಬಂತೆಂದು ಕಚೇರಿ ಖುಷಿ. ಆದರೆ ರಾಜ್ಯ ಸರ್ಕಾರ ತಾನೇ ಸಾಲ ತಂದು ಖರ್ಚು ನಡೆಸುತ್ತದೆ. ಆ ಸಾಲಕ್ಕೆ ಶೇ. 7 ಎಂದು ಹಿಡಿದರೆ ಅದೇ ಒಂದು ಕೋಟಿಗೆ, ಅದೇ ಅವಧಿಗೆ ಹತ್ತೂವರೆ ಲಕ್ಷ ತೆರಬೇಕು. ಕೈಯಿಂದ ಹೋದದ್ದು ಆರು ಲಕ್ಷ. ಇಷ್ಟರೊಳಗೆ ಲೋಕೋಪಯೋಗಿ ದರಪಟ್ಟಿ ಪರಿಷ್ಕರಣೆಯಾದರೆ ಹಳೆಯ ಎಸ್ಟಿಮೇಟಿಗೆ ಗುತ್ತಿಗೆದಾರ ಬರುವುದಿಲ್ಲ, ಪರಿಷ್ಕೃತ ಅಂದಾಜಿಗೆ ಮತ್ತೊಂದು ಸುತ್ತು ಕಡತ.

ಇಲ್ಲಿಗೆ ಬಂದಾಗ ಬೈಬಲ್ ಓದಿದ ಜಾಣರೊಬ್ಬರು ಎದ್ದು ನಿಲ್ಲುವುದುಂಟು: ‘ಸಾಹುಕಾರರಲ್ಲಿ ಇಟ್ಟಿದ್ದರೆ ಬಡ್ಡಿಯಾದರೂ ಬರುತ್ತಿತ್ತು ಅಂತ ಆ ಯಜಮಾನನೇ ಹೇಳ್ಯಾನಲ್ರಿ? ನಾವು ಎಫ್.ಡಿ. ಇಟ್ಟೀವಿ.’ ವಾದ ಚೆನ್ನಾಗಿದೆ, ಹೊಂದುವುದಿಲ್ಲ. ಯಜಮಾನ ಅದನ್ನು ಹೇಳುವುದು ಏನೂ ಮಾಡದವನಿಗೆ, ಕನಿಷ್ಠ ಪಕ್ಷ ಇಷ್ಟಾದರೂ ಮಾಡಬಹುದಿತ್ತಲ್ಲ ಎಂಬ ಸಿಟ್ಟಿನಲ್ಲಿ. ಅವನು ಮೆಚ್ಚಿದ್ದು ವ್ಯಾಪಾರಕ್ಕೆ ಇಳಿದವರನ್ನು. ಮೇಲಾಗಿ ಆ ಯಜಮಾನ ಸಾಲಗಾರನಾಗಿರಲಿಲ್ಲ, ನಮ್ಮ ಯಜಮಾನ ಸಾಲಗಾರ. ಎಫ್.ಡಿ. ಎಂದ ಮಾತ್ರಕ್ಕೆ ಭದ್ರ ಎಂಬುದೂ ಸುಳ್ಳು. 2024ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಎರಡು ದೊಡ್ಡ ಬ್ಯಾಂಕುಗಳಲ್ಲಿನ ಸರ್ಕಾರಿ ಖಾತೆಗಳನ್ನೆಲ್ಲ ಮುಚ್ಚಿ ಎಂದು ಆದೇಶ ಹೊರಡಿಸಿ, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಜಗಳ ಹುಟ್ಟಿದ್ದು ಎರಡು ಸಂಸ್ಥೆಗಳು ಇಟ್ಟ ನಿಶ್ಚಿತ ಠೇವಣಿ ವಾಪಸ್ ಬಾರದ್ದಕ್ಕೆ.

ಮೂರನೇ ಆಳಿನ ಸಮಜಾಯಿಷಿಯಲ್ಲಿ ಒಂದು ಮಾತಿದೆ, ಅದರ ಮೇಲೆ ಮಾತ್ರ ಕನಿಕರ ಹುಟ್ಟುತ್ತದೆ. ನೀನು ಕಠಿಣ ಮನುಷ್ಯ, ಅದಕ್ಕೆ ಹೆದರಿದೆ ಎನ್ನುತ್ತಾನೆ. ನಮ್ಮ ಕಚೇರಿಗಳಲ್ಲೂ ಹಣ ಹೂತುಹೋಗುವುದರ ಹಿಂದೆ ದುರಾಸೆಗಿಂತ ಭಯವೇ ಹೆಚ್ಚು. ಖರ್ಚು ಮಾಡಿದರೆ ಆಡಿಟ್ ಆಕ್ಷೇಪಣೆ, ಲೋಕಾಯುಕ್ತ, ಮಾಹಿತಿ ಹಕ್ಕಿನ ಅರ್ಜಿ. ಸುಮ್ಮನಿದ್ದರೆ ತಾನು ಬೇರೆ ಕಡೆ ವರ್ಗವಾಗುವ ತನಕ ನೆಮ್ಮದಿ. ಈ ಭಯ ಹುಟ್ಟಿಸಿದ್ದರಲ್ಲಿ ಲೆಕ್ಕಪರಿಶೋಧಕರ ಪಾಲೂ ಇದೆ, ಒಪ್ಪಲೇಬೇಕು. ಹೊಸದಾಗಿ ಸೇರಿದ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ) ಹುಡುಗಿಗೆ ಹಳೆಯ ಕೇಸ್ ವರ್ಕರ್ ಮೊದಲು ಹೇಳಿಕೊಡುವ ಪಾಠ ‘ಸಹಿ ಮಾಡಬ್ಯಾಡವ್ವಾ’ ಎಂದಾದರೆ ಕೆಲಸ ನಡೆಯುವುದು ಹೇಗೆ? ಆದರೆ ಇಷ್ಟು ತಿಳಿದಿರಲಿ: ಸರಿಯಾದ ದಾಖಲೆಯಿಟ್ಟು ಮಾಡಿದ ಖರ್ಚಿನ ಆಕ್ಷೇಪಣೆಗೆ ಉತ್ತರ ಕೊಡಬಹುದು. ಮೂರು ವರ್ಷ ಸುಮ್ಮನೆ ಇಟ್ಟದ್ದಕ್ಕೆ ಉತ್ತರವೇ ಇರುವುದಿಲ್ಲ.

ಹಣ ಮಾರ್ಚ್‌ನಲ್ಲಿ ಹೂತುಹೋಗುತ್ತದೆ, ಗುಂಡಿ ತೋಡಿರುವುದು ಅದರ ಹಿಂದಿನ ಜೂನ್‌ನಲ್ಲಿ. ಈ ಭಾಗದಲ್ಲಿ ಬಹಳಷ್ಟು ನೆಲ ಎರೆ. ಮಳೆ ಹಿಡಿದರೆ ತೊಗರಿ ಹೊಲದ ಅಂಚಿನಲ್ಲಿ ಟಿಪ್ಪರ್ ಇಳಿಯುವುದಿಲ್ಲ. ಪಾಯದ ಕೆಲಸಕ್ಕೆ ಸಿಗುವುದು ದಸರಾ ಕಳೆದ ಮೇಲಿನ ತಿಂಗಳುಗಳು. ಮಳೆಗಾಲದಲ್ಲೇ ಕ್ರಿಯಾ ಯೋಜನೆಗೆ ಅನುಮೋದನೆ, ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್ ಮುಗಿದಿದ್ದರೆ ನವೆಂಬರ್‌ನಲ್ಲಿ ಗುದ್ದಲಿ ಬೀಳುತ್ತದೆ, ಮಾರ್ಚ್‌ಗೆ ನಿಜವಾದ ಬಿಲ್ ಬರುತ್ತದೆ. ಕ್ರಿಯಾ ಯೋಜನೆಯೇ ಡಿಸೆಂಬರಿಗೆ ಬಂದರೆ ಮಾರ್ಚ್‌ನಲ್ಲಿ ಹೂಳುವುದೊಂದೇ ಉಳಿಯುತ್ತದೆ. ಪಟ್ಟಿಗೆ ಕಾಮಗಾರಿ ಸೇರಿಸುವ ಮುಂಚೆಯೇ ಜಾಗದ ಪಹಣಿ, ಹಸ್ತಾಂತರದ ಪತ್ರ ಕಡತದಲ್ಲಿ ಇರಬೇಕು. ‘ಜಾಗ ಆಮೇಲೆ ನೋಡೋಣ’ ಎಂದು ಸೇರಿಸಿದ ಕಾಮಗಾರಿಯ ಹಣವೇ ಮೊದಲು ಹೂತುಹೋಗುವುದು.

ಲೂಕನ 14ನೇ ಅಧ್ಯಾಯದ ಬುರುಜಿನ ಮಾತೂ ಇಲ್ಲಿಗೆ ಸಲ್ಲುತ್ತದೆ: ಕಟ್ಟುವವನು ಮೊದಲು ಕೂತು ಖರ್ಚು ಎಣಿಸದೆ ಅಸ್ತಿವಾರ ಹಾಕಿ ನಿಲ್ಲಿಸಿದರೆ ನೋಡಿದವರೆಲ್ಲ ನಗುತ್ತಾರೆ. ಎರೆ ಮಣ್ಣು ಒಣಗಿದರೆ ಬಿರಿಯುತ್ತದೆ, ನೆನೆದರೆ ಉಬ್ಬುತ್ತದೆ; ಗಟ್ಟಿ ಪದರ ಸಿಗುವ ತನಕ ಇಳಿಯಬೇಕು, ಇಲ್ಲವೆ ಮಣ್ಣು ತೆಗೆದು ಗರಸು ತುಂಬಿ ದಮ್ಮಸು ಮಾಡಬೇಕು. ಬೀದರಿನ ಜಂಬಿಟ್ಟಿಗೆ ನೆಲಕ್ಕೆ ಮಾಡಿದ ಮಾದರಿ ನಕ್ಷೆ, ಅದೇ ಅಂದಾಜು ಯಾದಗಿರಿಯ ಎರೆ ಹೊಲಕ್ಕೆ ಅಂಟಿಸಿದರೆ ಹಣ ಪಾಯದಲ್ಲೇ ಮುಗಿಯುತ್ತದೆ, ಗೋಡೆ ಲಿಂಟೆಲ್ ಮಟ್ಟಕ್ಕೆ ನಿಲ್ಲುತ್ತದೆ. ಎಸ್ಟಿಮೇಟಿಗೆ ಮುಂಚೆ ಪರೀಕ್ಷೆಗೆಂದು ಒಂದು ಗುಂಡಿ ತೋಡಿಸಿ ನೋಡುವುದಕ್ಕೆ ಒಂದು ದಿನ ಸಾಕು. ತೋಡಬೇಕಾದ ಗುಂಡಿ ಅದು.

ಕೆಲಸ ಆಗುವುದಿಲ್ಲ ಎಂದು ಗೊತ್ತಾದರೆ ಗೊತ್ತಾದ ದಿನವೇ ಸರೆಂಡರ್ ಮಾಡಿ, ಮಾರ್ಚ್ 31ರ ಸಂಜೆಗೆ ಕಾಯಬೇಡಿ. ಜನವರಿಯಲ್ಲಿ ಬಿಟ್ಟುಕೊಟ್ಟ ಹಣ ಬೇರೆ ತಾಲ್ಲೂಕಿನ ಬಾಕಿ ಬಿಲ್ಲಿಗೆ ಆಗಬಹುದು. ಸರೆಂಡರ್ ಎಂದರೆ ಅವಮಾನ ಎಂಬ ಭಾವನೆ ಯಾರು ಬಿತ್ತಿದರೋ. ಕೇಂದ್ರ ಪುರಸ್ಕೃತ ಯೋಜನೆಗಳಿಗೆ 2021ರ ಜುಲೈಯಿಂದ ಪ್ರತಿ ಯೋಜನೆಗೂ ರಾಜ್ಯದಲ್ಲಿ ಒಂದೇ ನೋಡಲ್ ಖಾತೆ ಬಂದ ಮೇಲೆ ಹೂಳುವ ಜಾಗ ಕಡಿಮೆಯಾಗಿದೆ. ಅದಕ್ಕೂ ಹಿಂದಿನ ಖಾತೆಗಳನ್ನು ಮುಚ್ಚಿದ್ದೀರಾ ಎಂಬುದು ಬೇರೆ ಪ್ರಶ್ನೆ.

ಹಣ ಬಳಕೆ ಪ್ರಮಾಣಪತ್ರ ಬರೆಯುವಾಗ ಎರಡು ಕಡೆ ಕೈ ಜಾರುತ್ತದೆ. ಖರ್ಚಿನ ಅಂಕಣದಲ್ಲಿ ಏಜೆನ್ಸಿಗೆ ಕಳಿಸಿದ ಮೊತ್ತವನ್ನೇ ಬರೆಯುತ್ತಾರೆ. ಅಲ್ಲಿ ಬರಬೇಕಾದದ್ದು ವೋಚರ್‌ಗಳ ಒಟ್ಟು ಮೊತ್ತ, ಉಳಿದದ್ದು ಅಖೈರು ಶಿಲ್ಕಿಗೆ ಹೋಗಬೇಕು. ಬಡ್ಡಿಯ ಅಂಕಣದಲ್ಲಿ ‘ಅನ್ವಯಿಸುವುದಿಲ್ಲ’ ಎಂದು ಬರೆಯುತ್ತಾರೆ. ಉಳಿತಾಯ ಖಾತೆಯಲ್ಲಿ ಹಣ ಇದ್ದ ಮೇಲೆ ಅನ್ವಯಿಸದೆ ಏನಾಗುತ್ತದೆ? ಆ ಬಡ್ಡಿ ಕೊಟ್ಟವರದು. ಕಚೇರಿಯ ಪ್ರಿಂಟರಿಗೆ, ಬಾಡಿಗೆ ಜೀಪಿಗೆ ಅದನ್ನು ಬಳಸುವಂತಿಲ್ಲ. ಯೋಜನೆಯ ಮಾರ್ಗಸೂಚಿ ಬೇರೆ ಏನಾದರೂ ಹೇಳಿದರೆ ಮಾತ್ರ ಅದರಂತೆ.

ಕಚೇರಿ ಸ್ಥಳಾಂತರವಾದಾಗ, ಇಲ್ಲವೇ ಚಾರ್ಜ್ ಕೊಡುವಾಗ, ಅಲಮಾರಿನ ತಳದಿಂದ ಹೆಸರೇ ಮರೆತ ಯೋಜನೆಯ ಪಾಸ್‌ಬುಕ್ ಹೊರಬಂದರೆ ಗಾಬರಿಯಾಗಬೇಡಿ, ಮತ್ತೆ ಒಳಗೂ ಇಡಬೇಡಿ. ಎರಡು ವರ್ಷ ವ್ಯವಹಾರವಿಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷ ಯಾರೂ ಕೇಳದಿದ್ದರೆ ಬ್ಯಾಂಕು ಆ ಮೊತ್ತವನ್ನು ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಕಳಿಸುವ ನಿಯಮವಿದೆ. ಅಲ್ಲಿಂದಲೂ ವಾಪಸ್ ಪಡೆಯಬಹುದು, ಆದರೆ ಓಡಾಟ ಜಾಸ್ತಿ. ಮೊದಲು ಇಂದಿನ ದಿನಾಂಕಕ್ಕೆ ಶಿಲ್ಕಿನ ದೃಢೀಕರಣ ಪತ್ರವನ್ನೂ, ಖಾತೆ ತೆರೆದ ದಿನದಿಂದ ಸ್ಟೇಟ್‌ಮೆಂಟನ್ನೂ ಬ್ಯಾಂಕಿನಿಂದ ಬರೆಸಿಕೊಳ್ಳಿ. ಸಹಿ ಮಾಡುವ ಅಧಿಕಾರಿಯ ಹೆಸರು ಬದಲಾಗಿದ್ದರೆ ಪ್ರಭಾರ ವಹಿಸಿಕೊಂಡ ಆದೇಶದ ಪ್ರತಿ ಕೊಟ್ಟು ತಿದ್ದಿಸಿ. ನಗದು ಪುಸ್ತಕದಲ್ಲಿ ಅಸಲು ಒಂದು ಸಾಲು, ಬಡ್ಡಿ ಇನ್ನೊಂದು ಸಾಲು ಎಂದು ಬೇರೆ ಬೇರೆ ಬರೆಯಿರಿ. ಒಂದೇ ಮೊತ್ತ ಬರೆದರೆ ಮುಂದಿನ ವರ್ಷ ಅದಕ್ಕೇ ಆಕ್ಷೇಪಣೆ. ಯಾವ ಲೆಕ್ಕ ಶೀರ್ಷಿಕೆಗೆ ಜಮಾ ಮಾಡಬೇಕೆಂದು ಖಜಾನೆಯಲ್ಲಿ ಕೇಳಿ, ಊಹೆಯ ಮೇಲೆ ಕಟ್ಟಬೇಡಿ. ಚಲನ್ ಆದ ಮೇಲೆ ಖಾತೆ ಮುಚ್ಚಿದ ಪತ್ರ ಪಡೆದು, ಎರಡನ್ನೂ ಅದೇ ಪಾಸ್‌ಬುಕ್ಕಿಗೆ ಹೊಲಿದು ಕಡತಕ್ಕೆ ಹಾಕಿ. ಅಲಮಾರಿಗಲ್ಲ.